ಬಾಣಂತಿಯ ಎಡಗಾಲು

ಪಂಗಾನಿ ಊರಿನಲ್ಲಿ ಹೆತ್ತ ಹೆಂಗಸರ ಮೈಯೆಲ್ಲ ಬೀ ಮೊಸಿಯ ಅಂಗೈಗೆ ಪರಿಚಯ. ಅಲ್ಲಿ ಬಾಣಂತಿ ನಲವತ್ತು ದಿನ ಹೊಸಿಲು ದಾಟುವಂತಿಲ್ಲ. ಬೆಳಗಾದರೆ ಬಿಸಿನೀರಿನ ಬಟ್ಟೆಯ ಕಾವು, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೈ ತಿಕ್ಕುವುದು, ಹೊಟ್ಟೆಗೆ ಕಂಗಾ ಬಟ್ಟೆಯ ಬಿಗಿ ಕಟ್ಟು, ಕುಡಿಯಲು ಕರಿಮೆಣಸಿನ ಗಂಜಿ. ಅಜ್ಜಿಯಿಂದ ಕಲಿತ ಈ ಕೆಲಸವನ್ನು ಮೂವತ್ತು ವರ್ಷ ಮಾಡಿದ ಬೀ ಮೊಸಿಗೆ ತನ್ನ ಕೈಯ ಬಗ್ಗೆ ಜಂಬವಿತ್ತು. ನೋವೆಂದು ಚೀರಿದವರಿಗೆ, "ಹೆರೋವಾಗ ಚೀರಿದ್ದು ಸಾಲ್ದೇನೇ? ಸುಮ್ನೆ ಮಲ್ಕೋ" ಎಂದು ಗದರಿ ಇನ್ನಷ್ಟು ಬಲ ಹಾಕುತ್ತಿದ್ದಳು. ಆ ಗದರಿಕೆ ನೆನಪಾದರೆ ಈಗ ಆಕೆಗೆ ಊಟ ಸೇರುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಗೆಳತಿ ಚೌಸಿಕುವಿನ ದೊಡ್ಡ ಮಗಳು ರಿಜಿಕಿ ಹೆತ್ತಿದ್ದಳು. ಒಂಬತ್ತನೆಯ ದಿನ ಎಡಗಾಲು ಊದಿಕೊಂಡಿತು. ಬಾಣಂತಿಗೆ ಕೆಟ್ಟ ನೀರು ಇಳಿಯುವುದು ಇದ್ದದ್ದೇ ಎಂದು ಬೀ ಮೊಸಿ ಪಾದದಿಂದ ತೊಡೆಯವರೆಗೆ ಒತ್ತಿ ಒತ್ತಿ ತಿಕ್ಕಿದಳು. ರಿಜಿಕಿ ಬೇಡ ಬೇಡವೆಂದು ಅತ್ತಳು. ಎಣ್ಣೆಯ ಬಟ್ಟಲು ಖಾಲಿಯಾಗುವ ಮೊದಲೇ ಎದ್ದು ಕೂತು, ಎದೆ ಹಿಡಿದುಕೊಂಡು, ಉಸಿರಿಗಾಗಿ ಬಾಯಿ ತೆರೆದಳು. ಆ ಉಸಿರು ಬರಲೇ ಇಲ್ಲ. ಜಿನ್ನು ಬಡಿಯಿತು ಎಂದರು ಊರವರು. ಬೀ ಮೊಸಿಯೂ ಹಾಗೇ ನಂಬಿದಳು. ಶವದ ಸ್ನಾನಕ್ಕೆ ನೀರು ಹೊಯ್ದವರಲ್ಲಿ ಆಕೆಯೂ ಒಬ್ಬಳು.

ಈ ವರ್ಷ ಮಳೆ ಶುರುವಾಗುವ ಮೊದಲು ಆರೋಗ್ಯ ಕೇಂದ್ರದ ನರ್ಸ್ ಹಿದಾಯಾ ಊರಿನ ಸೂಲಗಿತ್ತಿಯರನ್ನೂ ಮೈ ತಿಕ್ಕುವವರನ್ನೂ ಕರೆದು ಕೂರಿಸಿ ಮಾತಾಡಿದಳು. ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪದ ರೋಗವಲ್ಲ ಎಂದಳು. ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಹೆತ್ತ ಆರು ವಾರಗಳಲ್ಲಿ ಹೆಂಗಸರಿಗೆ ಅದರ ಹತ್ತಾರು ಪಟ್ಟು ಅಪಾಯ, ಹಾಸಿಗೆ ಬಿಟ್ಟೇಳದವರಿಗೆ ಇನ್ನೂ ಹೆಚ್ಚು. "ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯ್ತಿದ್ರೆ ಎಣ್ಣೆ ಮುಟ್ಟಬೇಡಿ ಅಮ್ಮಂದಿರಾ. ತಿಕ್ಕಿದ್ರೆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಆಮೇಲೆ ಕಣ್ಮುಚ್ಚಿ ತೆಗೆಯೋದ್ರೊಳಗೆ ಜೀವ ಹೋಗುತ್ತೆ."

ಮಿಕ್ಕವರು ಚಹಾ ಕುಡಿದು ಹರಟುತ್ತ ಹೋದರು. ಬೀ ಮೊಸಿ ಬೆಂಚಿನಲ್ಲೇ ಕೂತು ರಿಜಿಕಿಯ ಎಡಗಾಲನ್ನು ನೆನೆದಳು. ಅಂದಿನಿಂದ ಚೌಸಿಕುವಿನ ಮನೆಯ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು. ಹೇಳಿದರೆ ನಲವತ್ತು ವರ್ಷದ ಗೆಳೆತನ ಹೋಗುತ್ತದೆ, ಊರಿನಲ್ಲಿ ಮುಖವೂ ಉಳಿಯುವುದಿಲ್ಲ. ಯಾರಿಗೂ ಹೇಳಲಿಲ್ಲ.

ಆದರೆ ಚೌಸಿಕುವೇ ಕರೆಕಳಿಸಿದಳು. ಕಿರಿಯ ಮಗಳು ಸೌಮು ಹೆತ್ತು ಹನ್ನೊಂದು ದಿನವಾಗಿತ್ತು. ಇಷ್ಟು ದಿನ ತಾಯಿಯೇ ಕಾವು ಕೊಟ್ಟಿದ್ದಳು, ಈಗ ಕಾಲು ಊದಿತ್ತು.

"ಬಾರೇ ಮಹಾರಾಣಿ," ಎಂದಳು ಚೌಸಿಕು. "ಮೊಣಕಾಲು ನೋವು ಅಂತ ಎಷ್ಟು ದಿನ ಸುಳ್ಳು ಹೇಳ್ತೀಯಾ? ತಗೋ, ಎಣ್ಣೆ ಬೆಚ್ಚಗೆ ಮಾಡಿಟ್ಟಿದ್ದೀನಿ."

ಬೀ ಮೊಸಿ ಹೊದಿಕೆ ಸರಿಸಿದಳು. ಎಡಗಾಲು. ಬಲಗಾಲಿನ ಒಂದೂವರೆಯಷ್ಟು ದಪ್ಪ, ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು. ಕೈಯ ಹಿಂಭಾಗದಿಂದ ಮೆಲ್ಲಗೆ ಮುಟ್ಟಿದಳು. ಆ ಬಿಸಿ ಆಕೆಗೆ ಗೊತ್ತಿತ್ತು.

"ಎಣ್ಣೆ ಬೇಡ. ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

"ನಲವತ್ತು ಆಗೋಕೆ ಮುಂಚೆ? ತಲೆ ಸರಿ ಇದ್ಯಾ ನಿಂಗೆ? ಗಾಳಿ ತಾಗಿ ಇವಳೂ ಅಕ್ಕನ ಹಾಗೆ ಹೋಗ್ಲಿ ಅಂತಾನಾ?"

"ಹಿದಾಯಾ ಹೇಳಿದ್ದಾಳೆ..."

"ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ! ನಿನ್ನ ಕೈಗೆ ವಯಸ್ಸಾಯ್ತು ಅಂತ ಹೇಳು. ಬಿಡು, ನಾನೇ ತಿಕ್ಕುತೀನಿ." ಚೌಸಿಕು ಬಟ್ಟಲಿಗೆ ಬೆರಳು ಅದ್ದಿ ಕಾಲಿನ ಕಡೆ ಬಗ್ಗಿದಳು.

ಬೀ ಮೊಸಿ ಬಟ್ಟಲನ್ನು ಕಿತ್ತು ನೆಲಕ್ಕೆ ಚೆಲ್ಲಿದಳು. "ರಿಜಿಕಿ ಜಿನ್ನಿನಿಂದ ಸಾಯ್ಲಿಲ್ಲ ಚೌಸಿಕು. ಅವಳ ಕಾಲೂ ಹೀಗೇ ಇತ್ತು. ನಾನು ತಿಕ್ಕಿದೆ. ನನ್ನ ಕೈಯಿಂದ ಹೋದ್ಳು."

ಚಾಪೆಯ ಮೇಲೆ ಎಣ್ಣೆ ಹರಿಯಿತು. ಸೌಮು ಮಗುವನ್ನು ಎದೆಗವಚಿಕೊಂಡಳು. ಚೌಸಿಕು ಎಣ್ಣೆ ಹತ್ತಿದ ತನ್ನ ಬೆರಳುಗಳನ್ನೇ ನೋಡಿದಳು. ಆಮೇಲೆ ಅವನ್ನು ಸೆರಗಿಗೆ ಒರೆಸಿಕೊಂಡು, ಮಗಳಿಗೆ ಎರಡು ಕಂಗಾ ಹೊದಿಸಿ, ಬಾಗಿಲಿಗೆ ಹೋಗಿ ಆಟೋ ಕೂಗಿದಳು. ಬೀ ಮೊಸಿಯ ಕಡೆ ತಿರುಗಿಯೂ ನೋಡಲಿಲ್ಲ. ಆಟೋದಲ್ಲಿ ಆಕೆಗೆ ಜಾಗ ಮಾಡಿಕೊಡಲೂ ಇಲ್ಲ.

ಬೀ ಮೊಸಿ ನಡೆದೇ ಆಸ್ಪತ್ರೆಗೆ ಹೋದಳು. ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಹಿದಾಯಾ ಬಂದು ಹೇಳಿದಳು: ತೊಡೆಗೆ ಸ್ಕ್ಯಾನ್ ಮಾಡಿದ್ದಾರೆ, ಹೆಪ್ಪು ಮಂಡಿಯ ಮೇಲಿನವರೆಗೂ ಇದೆ, ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಇಂಜೆಕ್ಷನ್ ಕೊಡುತ್ತಾರೆ. "ಅದರಿಂದ ಹೆಪ್ಪು ಬೆಳೆಯಲ್ಲ. ಇದ್ದದ್ದನ್ನ ಮೈಯೇ ನಿಧಾನಕ್ಕೆ ಕರಗಿಸ್ಕೊಳ್ಳುತ್ತೆ. ಆಮೇಲೆ ಮೂರು ತಿಂಗಳಾದ್ರೂ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಮಗೂಗೆ ಹಾಲು ಕೊಡಬಹುದು, ಭಯ ಇಲ್ಲ."

"ಅವತ್ತು ನಾನು ತಿಕ್ಕದೇ ಇದ್ದಿದ್ರೆ ರಿಜಿಕಿ ಉಳೀತಿದ್ಲಾ ಮಗಾ?"

ಹಿದಾಯಾ ಪಕ್ಕದಲ್ಲಿ ಕೂತಳು. "ಗೊತ್ತಿಲ್ಲ ಬೀ. ತಿಕ್ಕದೇ ಇದ್ರೂ ಕೆಲವರು ಹೋಗ್ತಾರೆ. ಹೌದು ಅಂತಾನೂ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ."

ಅದಕ್ಕಿಂತ ಒಂದು ಬೈಗುಳ ಬಿದ್ದಿದ್ದರೆ ಹಗುರವಾಗುತ್ತಿತ್ತು ಎನಿಸಿತು ಬೀ ಮೊಸಿಗೆ.

ನಲವತ್ತನೆಯ ದಿನ ಚೌಸಿಕುವಿನ ಮನೆಯಲ್ಲಿ ಪಿಲಾವು ಬೆಂದ ವಾಸನೆ ಬೀದಿಗೆಲ್ಲ ಬಂತು. ಬೀ ಮೊಸಿಗೆ ಕರೆ ಬರಲಿಲ್ಲ. ಬರುತ್ತದೆಂದು ಆಕೆ ಕಾಯಲೂ ಇಲ್ಲ, ಬಾಗಿಲು ಹಾಕಿಕೊಂಡು ತೆಂಗಿನಕಾಯಿ ತುರಿಯುತ್ತಿದ್ದಳು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಚೌಸಿಕು ತಾನೇ ಬಂದಳು. ಕೈಯಲ್ಲಿ ಮುಚ್ಚಿದ ತಟ್ಟೆಯಿತ್ತು. ಅದನ್ನು ನೆಲದ ಮೇಲಿಟ್ಟು ಎದುರಿಗೆ ಕೂತಳು.

"ಕ್ಷಮಿಸಿದೆ ಅಂತ ಹೇಳೋಕೆ ಬಂದಿಲ್ಲ."

"ನಾನೂ ಕೇಳಿಲ್ಲ."

"ಸೌಮು ನಡೀತಿದ್ದಾಳೆ. ಊತ ಇಳಿದಿದೆ." ಚೌಸಿಕು ತಟ್ಟೆಯನ್ನು ಮುಂದೆ ಸರಿಸಿದಳು. "ಅವತ್ತು ರಿಜಿಕಿ ನೋವಿಗೆ ಕಾಲು ಎಳ್ಕೊಂಡ್ಳಲ್ಲ, ನೆನಪಿದ್ಯಾ?"

ಬೀ ಮೊಸಿ ತಲೆಯಾಡಿಸಿದಳು. ತುರಿಯುವ ಕೈ ನಿಂತಿತ್ತು.

"ಅದನ್ನ ಅದುಮಿ ಹಿಡಿದಿದ್ದು ನಾನು. ಅಮ್ಮಾ ಬಿಡು, ಅಮ್ಮಾ ಬಿಡು ಅಂದ್ಳು. ನಾನು ಬಿಡ್ಲಿಲ್ಲ."