ಅಂಕಲ್ ಬರುವ ಮುನ್ನ ತೆರೆದ ಇ-ಮೇಲ್

ವತ್ಸಲಾ ಆಂಟಿಯ ಎಡಗೈಯಲ್ಲಿ ಎರಡು ಮಾತ್ರೆಗಳಿದ್ದವು. ಒಂದು ಮೈಸೂರಿನಿಂದ ತಂದ ಹಳೆಯದು, ಇನ್ನೊಂದು ಇಲ್ಲಿನ ಡಾಕ್ಟರು ಹೃದಯಕ್ಕೆಂದು ಹೊಸದಾಗಿ ಕೊಟ್ಟದ್ದು. ಬಲಗೈ ಮೌಸಿನ ಮೇಲಿತ್ತು. ತೊಂಬತ್ತರ ದಶಕದಲ್ಲಿ, ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ, ಪಕ್ಕದ ಮನೆಯವಳಾದ ನಾನು ಅವರಿಗೆ ಇ-ಮೇಲ್ ನೋಡಲು ಕಲಿಸುತ್ತಿದ್ದೆ. ಓದದ ಮೇಲ್ ಒಂದೇ ಇತ್ತು, ದಪ್ಪ ಅಕ್ಷರಗಳಲ್ಲಿ. ಊರಿನಲ್ಲಿ ಡಾಕ್ಟರಾಗಿದ್ದ ಅವರ ತಂಗಿಯದು.

“ಕ್ಲಿಕ್ ಮಾಡಿ ಆಂಟಿ.”

“ಬೇಡಮ್ಮ. ಊರಿನ ಕಾಗದ ನಾವಿಬ್ರೂ ಒಟ್ಟಿಗೇ ಓದೋದು. ಅಂಕಲ್ ಆಫೀಸಿಂದ ಬರ್ಲಿ. ಈಗ್ಲೇ ತೆರೆದ್ರೆ ಅಕ್ಷರ ತೆಳ್ಳಗಾಗತ್ತೆ, ಕಳ್ಳಿ ಸಿಕ್ಕಿಬಿದ್ಲು ಅಂತಾರೆ,” ಎಂದು ನಕ್ಕು ನೀರಿನ ಲೋಟ ಎತ್ತಿಕೊಂಡರು.

“ಮತ್ತೆ ದಪ್ಪ ಮಾಡೋದೂ ಇದ್ರಲ್ಲೇ ಇದೆ. ಅದನ್ನೂ ಕಲಿಸ್ತೀನಿ,” ಎಂದೆ.

ಆ ತುಂಟತನ ಅವರಿಗೆ ಹಿಡಿಸಿತು. ಲೋಟ ಕೆಳಗಿಟ್ಟು ಎರಡು ಸಲ ಒತ್ತಿದರು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಕನ್ನಡವನ್ನು ಕೂಡಿಸಿ ಕೂಡಿಸಿ ಓದಿದರು: “ಅಕ್ಕಾ, ಹೊಸ ಮಾತ್ರೆ ವಿಷಯ ಈಗ ತಿಳೀತು. ಹಳೇದರ ಜೊತೆ ತಗೋಬೇಡ. ಒಳಗೇ ರಕ್ತ ಸೋರಬಹುದು. ಮೊದಲು ಅಲ್ಲಿನ ಡಾಕ್ಟರಿಗೆ ಫೋನ್ ಮಾಡು.”

ಫೋನ್ ಲೈನನ್ನು ಹಿಡಿದಿಟ್ಟಿದ್ದ ಮೋಡೆಮ್ ಕಳಚಿ ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ಹಳೆಯದನ್ನು ಕೂಡಲೇ ನಿಲ್ಲಿಸಲು ಹೇಳಿದರು.

ಆ ಕಾಯುವಿಕೆಯೇ ಅಂದು ಆಂಟಿಯ ಜೀವಕ್ಕೆ ಎರವಾಗುತ್ತಿತ್ತು, ನಿಜ. ಆದರೂ ಇಂದು ನಮ್ಮ ಮನೆಯಲ್ಲಿ ಎಲ್ಲರೂ ತಂತಮ್ಮ ಪರದೆ ನೋಡುತ್ತ ಕುಳಿತಿರುವಾಗ, ಒಬ್ಬರಿಗಾಗಿ ಇನ್ನೊಬ್ಬರು ಕಾಗದ ತೆರೆಯದೆ ಕಾಯುತ್ತಿದ್ದ ಆ ಮನೆಗೆ ಹೋಗಿ ಕೂರಬೇಕೆನಿಸುತ್ತದೆ.