ಮಡಿಕೆಯೊಳಗಿನ ಸಿದ್ರಾಮ

ನಿಮ್ಮ ಆಫೀಸಿನ ರಿಸೆಪ್ಷನ್ನಿನಲ್ಲಿ ತೂಗುವ ಚಿತ್ರವನ್ನು ಯಾರೋ ಒಬ್ಬ ಮನುಷ್ಯ ಕೂತು ಬರೆದಿದ್ದಾನೆ. ಇದು ನಿಮಗೆ ಗೊತ್ತಿರಬೇಕಿತ್ತು.

ಹೆಬ್ಬಗೋಡಿಯ ಸಿದ್ರಾಮ ಅಂಥವನೊಬ್ಬ. ಗುಳೇದಗುಡ್ಡದಿಂದ ಅಂಗಡಿಗಳ ಬೋರ್ಡು ಬರೆಯಲು ಬಂದವನು. ಫ್ಲೆಕ್ಸ್ ಬಂತು, ಬ್ರಷ್ಷು ಮೂಲೆ ಸೇರಿತು. ಆಮೇಲೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟ. ವೆಂಕಟರಮಣ, ಲಕ್ಷ್ಮಿ, ಸತ್ತವರು, ಗೃಹಪ್ರವೇಶದ ಗಿಫ್ಟು. ಬಿಡುವಾದಾಗ ಕ್ಯಾನ್ವಾಸಿನ ಮೇಲೆ ತನ್ನ ಊರನ್ನು ಬರೆಯುತ್ತಿದ್ದ.

ಅದನ್ನು ಕಂಡವನು ಪ್ರಸನ್ನ. ಆಫೀಸು, ಅಪಾರ್ಟ್‌ಮೆಂಟುಗಳ ಒಳಾಂಗಣ ಸಿಂಗರಿಸುವ ಕಂಟ್ರಾಕ್ಟರು.

"ಸೂಪರ್ ಗುರು, ಎಷ್ಟಿದ್ರೂ ಕೊಡು. ಹೆಸರು ಮಾತ್ರ ಕಾಣಬಾರ್ದು. ಪಾರ್ಟಿಗೆ ಪೇಂಟಿಂಗ್ ಬೇಕು, ಪೇಂಟರ್ ಬೇಡ ಕಣೋ."

ಹೆಸರು ಬರೆಯದೆ ಸಿದ್ರಾಮನಿಗೆ ಚಿತ್ರ ಮುಗಿದಂತೆ ಅನಿಸುತ್ತಿರಲಿಲ್ಲ. ಬೋರ್ಡಿನ ಕಾಲದ ಚಾಳಿ. ಹಾಗಾಗಿ ಕೆಳಗಿನ ಅಂಚಿನಲ್ಲಿ ಬರೆಯುವನು. ಆಮೇಲೆ ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಎಳೆದು, ಆ ಅಂಚನ್ನು ತಾನೇ ಹಿಂದಕ್ಕೆ ಮಡಚಿ ಪಿನ್ನು ಹೊಡೆಯುವನು. ಹೀಗೆ ಮಡಚಿದ ಚಿತ್ರಗಳಿಂದಲೇ ಅಂಗಡಿ ನಡೆಯುತ್ತಿತ್ತು.

ಮಗಳು ಸವಿತಾ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಶಾಲೆಯೊಂದರಲ್ಲಿ ಆರ್‌ಟಿಇ ಸೀಟಿನಲ್ಲಿ ನಾಲ್ಕನೆಯ ಕ್ಲಾಸು. ಎರಡು ಸಾವಿರದ ಹದಿನಾರರಲ್ಲಿ ಆ ಶಾಲೆಯ ಹೊಸ ಕಟ್ಟಡಕ್ಕೆ ಚಿತ್ರಗಳು ಬಂದವು. ಒಂದರಲ್ಲಿ ಮುದುಕಿಯೊಬ್ಬಳು ಹೊಸ್ತಿಲಲ್ಲಿ ಕೂತು ರಾಟಿಯಲ್ಲಿ ನೂಲು ಸುತ್ತುತ್ತಿದ್ದಳು.

"ಮಿಸ್, ಇದು ನಮ್ಮಜ್ಜಿ ಹೊಳೆವ್ವ. ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದಾಳೆ ನೋಡಿ. ನಮ್ಮಪ್ಪ ಬರ್ದಿದ್ದು."

ಕ್ಲಾಸು ನಕ್ಕಿತು. "ನಿಮ್ಮಪ್ಪ ಫ್ರೇಮ್ ಹಾಕೋರಲ್ವಾ?" ಎಂದಳು ಪಕ್ಕದವಳು. ಸವಿತಾ ಹಟ ಬಿಡಲಿಲ್ಲ. ಮರುದಿನ ಸಿದ್ರಾಮನಿಗೆ ಕರೆ ಹೋಯಿತು.

ಸವಿತಾಳನ್ನೂ ಕರೆಸಿಕೊಂಡು ಚಿತ್ರದ ಮುಂದೆ ನಿಂತಿದ್ದ ಪ್ರಿನ್ಸಿಪಾಲರು ಒರಟಾಗಿ ಮಾತಾಡಲಿಲ್ಲ. "ಇದು ಮುಂಬೈ ಗ್ಯಾಲರಿಯದು ಅಂತ ಹೇಳಿ ಕಂಟ್ರಾಕ್ಟರು ಪ್ರಸನ್ನ ನಮಗೆ ಕೊಟ್ಟಿದಾರೆ. ನಿಮ್ಮದಾಗಿದ್ರೆ ಹೇಳಿ, ಅವರನ್ನ ಇವತ್ತೇ ಕೇಳ್ತೀವಿ."

ಕೇಳಿದರೆ ಪ್ರಸನ್ನ ಮತ್ತೆ ಬರುವುದಿಲ್ಲ. ಅವನು ಬರದಿದ್ದರೆ ಅಂಗಡಿ ಇಲ್ಲ. ಸಿದ್ರಾಮ ಚಿತ್ರದಲ್ಲಿದ್ದ ತನ್ನ ತಾಯಿಯ ಮುಖ ನೋಡಿದ. ಹೆಸರು ಅವಳ ಪಾದದ ಕೆಳಗೆ, ಮಡಿಕೆಯಲ್ಲಿತ್ತು.

"ಇಲ್ರೀ ಮೇಡಂ. ನಂದಲ್ರೀ. ಹುಡುಗಿ ತಪ್ಪು ತಿಳ್ಕೊಂಡಾಳ."

"ಹಾಗಾದ್ರೆ ಸಾರಿ ಹೇಳು ಸವಿತಾ," ಎಂದರು ಪ್ರಿನ್ಸಿಪಾಲರು.

"ಸುಳ್ಳು ಹೇಳ್ಬಿಟ್ಟೆ ಮಿಸ್. ಸಾರಿ," ಎಂದಳು. ಅಪ್ಪನ ಕಡೆ ನೋಡಲಿಲ್ಲ.

ಹೊಸೂರು ರಸ್ತೆಯ ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತ ಬಂದರು. ಇಳಿದ ಮೇಲೆ ಸವಿತಾ ಒಂದೇ ಮಾತು ಆಡಿದಳು.

"ಅಪ್ಪಾ, ಅಜ್ಜಿಗೆ ಹೇಳ್ಬೇಡ."

ಸಿದ್ರಾಮ ಹೂಂ ಅಂದ. ಅಂಗಡಿಯ ಬಾಗಿಲೆತ್ತಿ, ಪ್ರಸನ್ನನಿಗೆ ಕೊಡಬೇಕಿದ್ದ ಇನ್ನೊಂದು ಚಿತ್ರವನ್ನು ಮೇಜಿನ ಮೇಲೆ ಹಾಸಿದ. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಕೆಳಗಿನ ಅಂಚು ಖಾಲಿ ಇತ್ತು. ಹೆಸರು ಬರೆಯಲಿಲ್ಲ. ಹಾಗೇ ಮಡಚಿ ಪಿನ್ನು ಹೊಡೆದ. ಅವತ್ತಿನಿಂದ ಯಾವ ಚಿತ್ರಕ್ಕೂ ಹೆಸರು ಬರೆದೇ ಇಲ್ಲ.

ಅವನು ಹೇಡಿ ಅನ್ನುತ್ತೀರಾ? ಅನ್ನಿ. ಆದರೆ ಗೋಡೆ ನಿಮ್ಮದು. ಹೆಸರು ಬೇಡ ಎಂದವನಿಗೆ ಹೇಗೆ ಗೊತ್ತಿತ್ತು ನೀವು ಕೇಳುವುದಿಲ್ಲ ಅಂತ? ನಾಳೆ ನಿಮ್ಮ ರಿಸೆಪ್ಷನ್ನಿನ ಆ ಚಿತ್ರವನ್ನು ಕೆಳಗಿಳಿಸಿ. ಬೆನ್ನು ತಿರುಗಿಸಿ, ಪಿನ್ನು ಕೀಳಿ, ಮಡಿಕೆ ಬಿಚ್ಚಿ. ಹೆಸರಿದ್ದರೆ ಕಾಣುವ ಹಾಗೆ ಮತ್ತೆ ಕಟ್ಟಿಸಿ. ಇಲ್ಲದಿದ್ದರೆ, ಕೊಟ್ಟವನಿಗೆ ಫೋನು ಮಾಡಿ ಬರೆದವರು ಯಾರು ಎಂದು ಕೇಳಿ.