ಮಡಿಲಕ್ಕಿಯೊಳಗಿನ ಮಾತ್ರೆ

ನನಗೆ ಕೀಲುನೋವು ಅಂತ ಯಾರ ಮುಂದೆಯಾದರೂ ಬಾಯಿಬಿಟ್ಟರೆ ಸಾಕು, ಒಬ್ಬರು ಹರಳೆಣ್ಣೆ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಬದನೆಕಾಯಿ ಬಿಡು ಅನ್ನುತ್ತಾರೆ, ಮತ್ತೊಬ್ಬರು ತಮ್ಮ ಬ್ಯಾಗಿನಿಂದಲೇ ಮಾತ್ರೆ ತೆಗೆದು ಕೈಗಿಡುತ್ತಾರೆ. ನಮ್ಮ ಕಡೆ ಮಾತ್ರೆ ಅಂದರೆ ಕರಿಬೇವಿನ ಸೊಪ್ಪಿದ್ದ ಹಾಗೆ, ಇದ್ದವರು ಇಲ್ಲದವರಿಗೆ ಕೊಡಲೇಬೇಕು. ಮದ್ದೂರಿನಲ್ಲಿ ಬ್ಲೌಸ್ ಹೊಲಿಯುವವಳು ನಾನು. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ನೋವಿಗೆ ನಿದ್ದೆ ಬಾರದೆ ಶುರುವಾದ ನಿದ್ದೆ ಮಾತ್ರೆ, ಕೊನೆಗೆ ನೋವಿರಲಿ ಬಿಡಲಿ, ಹಗಲೂ ಬೇಕು ಅನ್ನುವ ಮಟ್ಟಕ್ಕೆ ಬಂತು. ಯಾರದೋ ಮದುವೆಯ ರೇಷ್ಮೆ ಬ್ಲೌಸಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ತೂಕಡಿಸಿದೆ. ಹೊಗೆ ನೋಡಿ ಮಗಳು ಕಿರುಚಿದಳು. ಮಾರನೆಯ ದಿನವೇ ನಮ್ಮವರು ನನ್ನನ್ನು ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಒಂದೇ ಸಲ ನಿಲ್ಲಿಸಲಿಲ್ಲ. ಅರ್ಧ, ಕಾಲು, ದಿನ ಬಿಟ್ಟು ದಿನ ಅಂತ ತಿಂಗಳುಗಟ್ಟಲೆ ಇಳಿಸಿದರು. ಕೀಲಿನ ಮಾತ್ರೆ ವಾರಕ್ಕೊಮ್ಮೆ. ನೋವಿನ ಮಾತ್ರೆ ತೀರಾ ತಡೆಯಲಾಗದಿದ್ದರೆ, ಅದೂ ಊಟ ಆದ ಮೇಲೆ. "ನೋವಿಗೆ ತಗೊಳ್ಳಿ, ಚಡಪಡಿಕೆಗೆ ತಗೋಬೇಡಿ" ಅಂದರು. ಹೇಳುವುದಕ್ಕೇನು, ಹೇಳಿಬಿಟ್ಟರು. ನಿದ್ದೆ ಮಾತ್ರೆ ಬಿಟ್ಟ ಮೈ ಮಹಾ ಕಳ್ಳ ಮೈ. ಚಡಪಡಿಕೆಯನ್ನೇ ನೋವು ಅಂತ ನಂಬಿಸುತ್ತದೆ. ಅದಕ್ಕೆ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ಮಿಷನ್ನಿನ ಮೇಲಿನ ಗುಂಡುಸೂಜಿಯನ್ನು ಎರಡು ಬೆರಳಲ್ಲಿ ಎತ್ತುವುದು. ಎತ್ತಲಾಗದಿದ್ದರೆ ನೋವು ನಿಜ, ಉಂಡು ಮಾತ್ರೆ ನುಂಗು. ಎತ್ತಿದರೆ, ಕರೆಯುತ್ತಿರುವುದು ಆ ಹಳೇ ಮಾತ್ರೆ, ಸುಮ್ಮನೆ ಕೆಲಸ ನೋಡು.

ಕೊನೆಯ ಕಾಲು ಮಾತ್ರೆಯೂ ನಿಂತ ಹೊಸತರಲ್ಲಿ ತವರಿಗೆ ಹೋದೆ, ಹಲಗೂರಿನ ಪಕ್ಕದ ಹಳ್ಳಿಗೆ. ಈಗ ಒಂದೇ ಒಂದು ನುಂಗಿದರೂ ಪಟ್ಟ ಪಾಡೆಲ್ಲ ನೀರುಪಾಲು ಅಂತ ಡಾಕ್ಟರು ಎಚ್ಚರಿಸಿದ್ದರು. ಅಲ್ಲಿ ಅಣ್ಣ, ಅತ್ತಿಗೆಯ ಜೊತೆ ಅವ್ವ ಇದ್ದಾಳೆ. ಅಪ್ಪ ಹೋದ ಮೇಲೆ ಅವ್ವನಿಗೂ ಅದೇ ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಮಾರನೆಯ ಬೆಳಗ್ಗೆ ರೊಟ್ಟಿ ತಟ್ಟೆ ಮುಂದಿಟ್ಟು ಕೇಳಿದಳು.

"ರಾತ್ರಿಯೆಲ್ಲ ಅಟ್ಟಿ ತುಂಬ ಓಡಾಡ್ತಿದ್ದಲ್ಲಮ್ಮಿ. ಮಾತ್ರೆ ತಂದಿಲ್ವ?"

"ಡಾಕ್ಟ್ರು ನಿಲ್ಸವ್ರೆ ಕಣವ್ವ."

"ಅದ್ಯಾವ್ ಡಾಕ್ಟ್ರಮ್ಮಿ ಅವ್ನು? ನೋವ ವಾಸಿ ಮಾಡ್ನಿಲ್ಲ, ಇದ್ದ ನಿದ್ದೆನೂ ಕಿತ್ಕಂಡವ್ನೆ."

"ನಿಂಗ್ ಗೊತ್ತಾಗಕಿಲ್ಲ, ಸುಮ್ಕಿರು" ಅಂದು ತಟ್ಟೆ ತಳ್ಳಿ ಎದ್ದೆ. ಆ ದಿನಗಳಲ್ಲಿ ನಾನು ಹಾಗೇ ಇದ್ದೆ. ಒಳ್ಳೆಯ ಮಾತು ಆಡಿದವರ ಮೇಲೇ ಸಿಡುಕುತ್ತಿದ್ದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅತ್ತಿಗೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿ ಅವಳ ಕೈಲಿ ಬೈಸಿಕೊಂಡೆ. ಬಂದ ಎರಡನೇ ದಿನ ಹೀಗೇ ಕಳೆಯಿತು, ಮೂರನೆಯ ದಿನ ಹೊರಟೆ.

ಹೊರಡುವಾಗ ಅತ್ತಿಗೆ ಮಡಿಲಕ್ಕಿ ಹಾಕಿದಳು. ಸೆರಗೊಡ್ಡಿ ಕೂತೆ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಬಿತ್ತು. ಗಂಡ ಸತ್ತವಳು ಮಡಿಲು ತುಂಬುವ ಹಾಗಿಲ್ಲ ಅಂತ ಅವ್ವ ಬಾಗಿಲ ಹತ್ತಿರವೇ ನಿಂತಿದ್ದಳು. ಇದ್ದಕ್ಕಿದ್ದಂತೆ ಒಳಗೆ ಹೋಗಿ, ಮಡಿಸಿದ ರವಿಕೆ ಬಟ್ಟೆ ತಂದು ಅತ್ತಿಗೆಯ ಕೈಗೆ ಕೊಟ್ಟು "ಇದ್ನೂ ಆಕು" ಅಂದಳು. ದಿನಾ ರವಿಕೆ ಬಟ್ಟೆಯಲ್ಲೇ ಮುಳುಗಿರುವವಳಿಗೆ ಇನ್ನೊಂದು ಯಾಕೆ ಅಂತ ನಗು ಬಂತು. ಸೆರಗು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಲೈನಿಂಗ್ ಬಟ್ಟೆ ತಗೊಳ್ಳುವುದಿತ್ತು, ಮಳವಳ್ಳಿ ಬಸ್ಸು ಹತ್ತಿದೆ. ಬಟ್ಟೆ ಕೈಗೆ ಸಿಕ್ಕರೆ ಅಗಲ ನೋಡದೆ ಇರಲಾರೆ. ದಾರಿಯಲ್ಲಿ ಅವ್ವ ಕೊಟ್ಟ ಬಟ್ಟೆ ಬಿಡಿಸಿದೆ. ಮಡಿಕೆಯೊಳಗೆ ಮಾತ್ರೆ ಶೀಟು. ಹೆಸರು ಓದುವುದೇ ಬೇಕಿರಲಿಲ್ಲ, ಆ ಬಣ್ಣ ಸಾಕು. ಮರುಗಳಿಗೆಗೆ ಮಂಡಿ, ಮಣಿಕಟ್ಟು, ಬೆರಳು, ಎಲ್ಲ ಒಟ್ಟಿಗೆ ನೋಯತೊಡಗಿದವು. ಕಿಟಕಿಯಿಂದ ಎಸೆಯೋಣವೆಂದರೆ, ಮಡಿಲಕ್ಕಿಯಲ್ಲಿ ಬಂದದ್ದನ್ನು ಚೆಲ್ಲಬಾರದಲ್ಲ ಅಂದಿತು ಮನಸ್ಸು. ಎಂದೂ ಇಲ್ಲದ ಶಾಸ್ತ್ರ ಆಗ ನೆನಪಾಯಿತು. ಸೀರೆಯ ಪಿನ್ನು ಬಿಚ್ಚಿ ನೋಡಿದೆ. ಸಲೀಸಾಗಿ ಬಿಚ್ಚಲು ಬಂತು, ಸಲೀಸಾಗಿ ಹಾಕಲೂ ಬಂತು. ಹಾಳಾದ ಬೆರಳುಗಳಿಗೆ ಅವತ್ತು ಏನೂ ಆಗಿರಲಿಲ್ಲ. ಬಸ್ಸಿನಲ್ಲೇ ಅತ್ತುಬಿಟ್ಟೆ.

ಮಳವಳ್ಳಿಯಲ್ಲಿ ಇಳಿದು ಚರಂಡಿಯ ಪಕ್ಕ ನಿಂತೆ. ಕೈ ಚಾಚಿದೆ, ಮುಷ್ಟಿ ಬಿಚ್ಚಲಿಲ್ಲ. ಇದನ್ನು ಹಿಡಿದುಕೊಂಡು ಮದ್ದೂರು ಬಸ್ಸು ಹತ್ತಿದರೆ ಮನೆ ಮುಟ್ಟುವುದರೊಳಗೆ ನುಂಗಿರುತ್ತೇನೆ ಅಂತ ಖಂಡಿತ ಗೊತ್ತಿತ್ತು. ಲೈನಿಂಗ್ ಬಟ್ಟೆ ಮನೆ ಹಾಳಾಗಲಿ ಅಂದು ಹಲಗೂರಿನ ಬಸ್ಸನ್ನೇ ಹತ್ತಿದೆ.

ಅವ್ವ ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದಳು. "ಯಾಕಮ್ಮಿ, ಬಸ್ಸು ಸಿಕ್ನಿಲ್ವ?"

"ಇದ ನುಂಗಿದ್ರೆ ನಾನ್ ಸತ್ತಂಗೆಯ ಕಣವ್ವ. ಇವತ್ತು ಒಂದು, ನಾಳೆ ಎರಡು. ಆಮೇಲೆ ಅಟ್ಟಿಗೇ ಬೆಂಕಿ ಬಿದ್ರೂ ನಂಗೆ ಎಚ್ರ ಆಗಕಿಲ್ಲ. ತಗೋ, ಈಸ್ಕೊ." ಶೀಟು ಮುಂದೆ ಹಿಡಿದೆ.

ಅವ್ವ ನನ್ನ ಕೈಯನ್ನೇ ನೋಡಿದಳು. "ನಾನ್ ನುಂಗ್ದೆ ಎತ್ತಿಟ್ಟಿದ್ದು ಕಣಮ್ಮಿ ಅದು. ನಂದೇನು ವಯಸ್ಸಾಯ್ತು, ನೀನಾದ್ರೂ ಮನಿಕ್ಕೊಳ್ಲಿ ಅಂತ."

ನಾನು ಓಡಾಡಿದ್ದು ಅವಳಿಗೆ ಹೇಗೆ ಗೊತ್ತಾಯಿತು ಅಂತ ಆಗ ಹೊಳೆಯಿತು. ಪಕ್ಕದ ಕೋಣೆಯಲ್ಲಿ ಅವಳೂ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ನಾನು ಅವಳ ಮೇಲೆ ರೇಗಿದ್ದೆ.

ಒಳಗಿನಿಂದ ಬಂದ ಅತ್ತಿಗೆ, "ಮಡ್ಲಿಗೆ ಆಕಿದ್ದ ವಾಪಸ್ ಈಸ್ಕಬೇಡಿ ಅತ್ತೆ, ಒಳ್ಳೇದಲ್ಲ" ಅಂದಳು.

"ಕೈಲಿ ಈಸ್ಕಬಾರ್ದು, ಅಷ್ಟೆ ತಾನೆ?" ಅವ್ವ ಮೊರ ಬದಿಗಿಟ್ಟು ಸೆರಗು ಒಡ್ಡಿ ಕೂತಳು. "ನನ್ ಮಡ್ಲಿಗೆ ಆಕು."

ಅಪ್ಪ ಹೋದ ಮೇಲೆ ಆ ಮಡಿಲಿಗೆ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ನಾನು ನನ್ನ ಗಂಟು ಬಿಚ್ಚಿ, ಒಂದು ಹಿಡಿ ಅಕ್ಕಿ ಹಾಕಿ, ಅದರ ಮೇಲೆ ಮಾತ್ರೆ ಇಟ್ಟೆ.